60 ಸಾವಿರದ ಲೆಕ್ಕ: ಸುರತ್ಕಲ್‌ನ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಲಿಸ್ಟ್ ನೋಡಿದೆ. ಅಗಲದ ಹ್ಯಾಂಡಲ್, ಬಟನ್ ಟಯರ್ (ಮಣ್ಣಿಗೆ ಕಚ್ಚುವ ಗುಬುಟು ಇರುವ ಟಯರ್), ಉದ್ದ ಸೀಟು, ಮೇಲಕ್ಕೆತ್ತಿದ ಸೈಲೆನ್ಸರ್, ಟ್ಯಾಂಕಿಗೆ ಹಸಿರು ಬಣ್ಣ. ಮಾವನ 2013ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್ ಸ್ಕ್ರ್ಯಾಂಬ್ಲರ್ ಆಗಬೇಕು, ಅಂದರೆ ಮಣ್ಣು ರಸ್ತೆಗೂ ಹೋಗುವ ಗಾಡಿ, ಖರ್ಚು 60 ಸಾವಿರ ದಾಟಬಾರದು. ಆಗುತ್ತದೆ ಮಾರಾಯಾ. ಆದರೆ ಲಿಸ್ಟಿನಲ್ಲಿ ಬ್ರೇಕ್ ಇಲ್ಲ, ವೈರಿಂಗ್ ಇಲ್ಲ, ಚೈನ್ ಇಲ್ಲ. ನಿನ್ನ ಮನೆ ಕಡಲಿನಿಂದ ಕೂಗಳತೆಯಲ್ಲಿ ಉಂಟು. ಬೆಂಗಳೂರಿನವರ ವಿಡಿಯೋ ನೋಡಿ ಹಾಕಿದ ಬಜೆಟ್ ನಮ್ಮ ಉಪ್ಪುಗಾಳಿಗೆ ನಡೆಯುವುದಿಲ್ಲ.

ನಾನಾದರೆ ಹೀಗೆ ಹಂಚುತ್ತೇನೆ. ಮೊದಲು 12 ಸಾವಿರ ಬದಿಗಿಡು. ಅದನ್ನು ಮುಟ್ಟಬೇಡ, ಮೆಕ್ಯಾನಿಕ್‌ಗೆ ಹೇಳಲೂ ಬೇಡ. ಹಳೆ ಗಾಡಿ ಬಿಚ್ಚಿದ ಮೇಲೆ ಒಳಗೆ ಎಂತ ಸಿಗುತ್ತದೆ ಅಂತ ಬಿಚ್ಚಿದವನಿಗೂ ಗೊತ್ತಿರುವುದಿಲ್ಲ. 25 ಸಾವಿರ ಟಯರ್, ಬ್ರೇಕ್, ಚೈನ್ ಸೆಟ್, ಬೇರಿಂಗ್, ವೈರಿಂಗ್‌ಗೆ. 8 ಸಾವಿರ ಫ್ರೇಮಿನ ತುಕ್ಕು ತೆಗೆಸಿ ಪೌಡರ್ ಕೋಟಿಂಗ್ ಮಾಡಿಸಲು. ಇಷ್ಟಾದ ಮೇಲೆ ಉಳಿಯುವುದು 15 ಸಾವಿರ. ಹ್ಯಾಂಡಲ್, ಸೀಟು, ಬಣ್ಣ ಎಲ್ಲ ಅದರಲ್ಲೇ. ಕಡಿಮೆ ಅನ್ನಿಸುತ್ತದೆ, ಗೊತ್ತು. ಆದರೆ ಆಗುಂಬೆಯ 14 ತಿರುವು ಇಳಿಯುವಾಗ ನಿನ್ನನ್ನು ಹಿಡಿದು ನಿಲ್ಲಿಸುವುದು ಹಸಿರು ಬಣ್ಣ ಅಲ್ಲ.

ಇನ್ನೊಂದು ವಿಷಯ. ಅಂಗಡಿಯ ರೇಟ್ ನೋಡಿ ಲೆಕ್ಕ ಹಾಕಬೇಡ. ಹ್ಯಾಂಡಲ್ ಎರಡು ಸಾವಿರಕ್ಕೆ ಸಿಗಬಹುದು. ಅದು ಎರಡಿಂಚು ಅಗಲ, ಮೂರಿಂಚು ಎತ್ತರ ಆಯಿತು ಅಂತಿಟ್ಟುಕೋ. ಕ್ಲಚ್ ಕೇಬಲ್ ಸಾಲುವುದಿಲ್ಲ, ಆಕ್ಸಿಲರೇಟರ್ ಕೇಬಲ್ ಎಳೆಯುತ್ತದೆ, ಮುಂದಿನ ಡಿಸ್ಕಿನ ಬ್ರೇಕ್ ಹೋಸ್ ಬಿಗಿಯುತ್ತದೆ, ಸ್ವಿಚ್ಚಿನ ವಯರನ್ನೂ ಉದ್ದ ಮಾಡಬೇಕು. ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಪ್ರತಿ ಸಾಮಾನಿನ ಎದುರು ಅದರ ಬೆನ್ನಿಗೆ ಬರುವ ಸಾಮಾನು, ಅದರ ಕೂಲಿ ಎರಡನ್ನೂ ಬರೆ. ಆಮೇಲೆ ಒಟ್ಟು ಹಾಕು. ಕೂಲಿ ಉಳಿಸುವ ದಾರಿ ಒಂದೇ, ಒಮ್ಮೆ ಬಿಚ್ಚಿದಾಗ ಆ ಜಾಗದ ಕೆಲಸವೆಲ್ಲ ಮುಗಿಸಿಬಿಡುವುದು. ಫ್ರೇಮ್ ಕೋಟಿಂಗಿಗೆ ಹೋಗುವಾಗ ಹೇಗೂ ಹ್ಯಾಂಡಲ್, ಮುಂದಿನ ಚಕ್ರ ಹಿಡಿಯುವ ಫೋರ್ಕ್, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಎಲ್ಲ ಕೆಳಗಿಳಿದಿರುತ್ತವೆ. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಫೋರ್ಕ್ ಸೀಲ್, ಸ್ವಿಂಗ್ ಆರ್ಮ್ ಬುಷ್ ಆಗಲೇ ಬದಲಿಸು. ಆರು ತಿಂಗಳು ಬಿಟ್ಟು ಪುನಃ ಬಿಚ್ಚಿಸಿದರೆ ಅದೇ ಕೂಲಿ ಎರಡು ಸಲ.

ಪೌಡರ್ ಕೋಟಿಂಗ್ ಅಂದರೆ ಪುಡಿ ಸಿಂಪಡಿಸಿ ಒಲೆಯಲ್ಲಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಕಾಯಿಸುವುದು. ರಬ್ಬರ್, ಬೇರಿಂಗ್ ಒಂದೂ ಒಳಗಿರಬಾರದು. ಬೈಕಂಪಾಡಿ ಕಡೆ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸು. ಅಲ್ಲಿ ಹೆಚ್ಚಾಗಿ ಗೇಟು, ಗ್ರಿಲ್ಲು ಮಾಡುವವರೇ, ಬೈಕಿನ ಫ್ರೇಮ್ ಅಂತ ನೀನೇ ಬಿಡಿಸಿ ಹೇಳಬೇಕು. ಎರಡು ಜಾಗಕ್ಕೆ ನೀನೇ ನಿಂತು ಟೇಪ್ ಹಚ್ಚಿಸು. ಒಂದು, ಫ್ರೇಮಿನ ಮೇಲೆ ಕೆತ್ತಿದ ಚಾಸಿಸ್ ನಂಬರ್. ಪುಡಿ ದಪ್ಪಗೆ ಕೂತರೆ ಅಂಕೆ ತುಂಬಿಹೋಗುತ್ತದೆ, ಆಮೇಲೆ ಆರ್‌ಟಿಒದಲ್ಲಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಏನೂ ಮೂಡುವುದಿಲ್ಲ. ಇನ್ನೊಂದು, ಬ್ಯಾಟರಿಯ ಅರ್ತ್ ವಯರ್ ಫ್ರೇಮಿಗೆ ಬಿಗಿಯುವ ಜಾಗ. ಈ ಕೋಟಿಂಗಿನಲ್ಲಿ ಕರೆಂಟ್ ಹಾಯುವುದಿಲ್ಲ. ಗಾಡಿ ಜೋಡಿಸಿ ಸೆಲ್ಫ್ ಒತ್ತಿದರೆ ಬರೀ ಟಕ್ ಟಕ್ ಅನ್ನುತ್ತದೆ. ಎಲ್ಲರೂ ಬ್ಯಾಟರಿಯನ್ನೇ ಬೈಯುತ್ತಾರೆ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಲೋಹ ಕಾಣುವಂತೆ ಕೆರೆದು, ವಯರ್ ಬಿಗಿದು, ಮೇಲೆ ಗ್ರೀಸ್ ಸವರಿದರೆ ಮುಗಿಯಿತು.

ವೈರಿಂಗ್ ಬಗ್ಗೆ ಜಿಪುಣತನ ಬೇಡವೇ ಬೇಡ. ನಮ್ಮ ಊರಿನ ಹಳೆ ಗಾಡಿಯ ಕನೆಕ್ಟರ್ ಎಳೆದು ನೋಡು, ತಾಮ್ರದ ಮೇಲೆ ಹಸಿರು ಪುಡಿ ಕೂತಿರುತ್ತದೆ. ಅದೇ ವಯರಿಗೆ ನೀನು 40 ವ್ಯಾಟಿನ ಎರಡು ಫಾಗ್ ಲೈಟ್ ಸಿಕ್ಕಿಸಬೇಕು ಅಂತಿದ್ದೀಯ. 80 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್. ಹ್ಯಾಂಡಲಿನ ಸಣ್ಣ ಸ್ವಿಚ್ಚಿಗೆ ಅಷ್ಟು ಹೊರಿಸಬಾರದು. ರಿಲೇ (ಸಣ್ಣ ಸ್ವಿಚ್ಚಿನ ಮಾತಿಗೆ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), 10 ಆಂಪಿಯರ್ ಫ್ಯೂಸ್, ಬೇರೆ ವಯರ್ ಬೇಕು. ಅದಕ್ಕೂ ಮೊದಲು ನಿನ್ನ ಗಾಡಿಯ ಚಾರ್ಜಿಂಗ್ ಇಷ್ಟು ತಾಳುತ್ತದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಅಳತೆ ಮಾಡಿಸು. ನನ್ನನ್ನು ಕೇಳಿದರೆ ಫಾಗ್ ಲೈಟ್ ಈ ವರ್ಷ ಬೇಡ.

ನಟ್ಟು ಬೋಲ್ಟು ಸ್ಟೇನ್‌ಲೆಸ್ ಹಾಕಿಸು, ಸಿಕ್ಕಿದರೆ 316 ಗ್ರೇಡಿನದ್ದು. ಅದು 304ಕ್ಕಿಂತ ಉಪ್ಪಿಗೆ ಜಾಸ್ತಿ ತಡೆಯುತ್ತದೆ. ಅಲ್ಯೂಮಿನಿಯಂ ಒಳಗೆ ಹೋಗುವ ಬೋಲ್ಟಿಗೆ ಆ್ಯಂಟಿ ಸೀಜ್ ಪೇಸ್ಟ್ ಹಚ್ಚದಿದ್ದರೆ ಕಚ್ಚಿಕೊಂಡು ಮುಂದೆ ಬಿಚ್ಚಲಿಕ್ಕೆ ಬರುವುದಿಲ್ಲ. ಆದರೆ ಬ್ರೇಕ್ ಕ್ಯಾಲಿಪರ್, ಆಕ್ಸಲ್, ಎಂಜಿನ್ ಮೌಂಟಿಂಗಿಗೆ ಅಂಗಡಿಯ ಮಾಮೂಲಿ ಸ್ಟೇನ್‌ಲೆಸ್ ಬೇಡ. ಅಲ್ಲಿ ಕಂಪನಿಯ ಹೆಚ್ಚು ಎಳೆತ ತಾಳುವ ಹೈ ಟೆನ್ಸೈಲ್ ಬೋಲ್ಟೇ ಇರಲಿ. ಹೊಳೆಯುವುದೆಲ್ಲ ಗಟ್ಟಿ ಅಲ್ಲ.

ಈಗ ಸೈಲೆನ್ಸರ್. ನಿನಗೆ ಸಿಟ್ಟು ಬರುತ್ತದೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ, ಅದನ್ನು ಲಿಸ್ಟಿನಿಂದ ಹೊಡೆದು ಹಾಕು. ಪೊಲೀಸರು ಹಿಡಿದ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವುದನ್ನು ಪೇಪರ್‌ನಲ್ಲಿ ನೋಡಿದ್ದೀಯಲ್ವಾ. ನಿನ್ನದು ಕಾರ್ಬುರೇಟರ್ ಗಾಡಿ. ಫ್ರೀ ಫ್ಲೋ (ಹೊಗೆಗೆ ತಡೆ ಕಡಿಮೆ ಇರುವ ಸೈಲೆನ್ಸರ್) ಹಾಕಿ ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತಿನ ಸಾಮಾನು, ಬದಲಿಸದಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗಬಹುದು, ಪಟಾಕಿ ಹೊಡೆಯುವುದು ಬೇರೆ. ಅದಕ್ಕೆ ಮತ್ತೆ ಟ್ಯೂನಿಂಗ್ ಖರ್ಚು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಾಗಾಗಿ ಫ್ರೇಮ್ ಕತ್ತರಿಸುವ ಮಾತೇ ಬೇಡ. ಸೀಟು ಮಾಡಿಸುವಾಗ ಹಿಂದೆ ಕೂರುವವರ ಹಿಡಿಕೆ, ಸೀರೆ ಗಾರ್ಡ್ ಕೂಡ ಉಳಿಯಲಿ, ಅವು ನಿಯಮದಲ್ಲೇ ಉಂಟು. ಮಡ್‌ಗಾರ್ಡ್ ಗಿಡ್ಡ ಮಾಡಿಸುವ ಆಸೆ ಇದ್ದರೆ ಒಮ್ಮೆ ಜುಲೈ ಮಳೆಗೆ ಹೆಜಮಾಡಿಯಿಂದ ಪಡುಬಿದ್ರಿವರೆಗೆ ಹೆದ್ದಾರಿ ಲಾರಿಗಳ ಹಿಂದೆ ಬಾ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಇದಕ್ಕೆಲ್ಲ ಮೊದಲು ಗಾಡಿ ಮಾವನ ಹೆಸರಿನಿಂದ ನಿನ್ನ ಹೆಸರಿಗೆ ಬರಲಿ. ಆ ಖರ್ಚು ನಿನ್ನ ಲಿಸ್ಟಿನಲ್ಲೇ ಇಲ್ಲ. 2028ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ. ರಿಜಿಸ್ಟ್ರೇಶನ್ ಮುಂದುವರಿಸಲು ಗಾಡಿ ತೋರಿಸಬೇಕಾಗುತ್ತದೆ. ಬಿಚ್ಚಿದ ಹಳೆ ಸಾಮಾನನ್ನೆಲ್ಲ ಎಣ್ಣೆ ಸವರಿ ಗೋಣಿಯಲ್ಲಿ ಕಟ್ಟಿ ಅಟ್ಟದಲ್ಲಿಡು. ಗುಜರಿಗೆ ಕೊಟ್ಟರೆ ನೂರಿನ್ನೂರು ಸಿಗಬಹುದು, ಪುನಃ ಕೊಳ್ಳುವಾಗ ಸಾವಿರ ಸಾವಿರ ಎಣಿಸಬೇಕು.

ಟಯರ್ ವಿಷಯ ಸಣ್ಣದು. ಮುಂದೆ 19, ಹಿಂದೆ 18 ಇಂಚು ಹಾಗೇ ಇರಲಿ. ತೀರಾ ಅಗಲದ್ದು ಹಾಕಿದರೆ ಹಿಂದೆ ಚೈನಿಗೆ ತಾಗುತ್ತದೆ. ಪೂರ್ತಿ ಬಟನ್ ಬೇಡ, ಒದ್ದೆ ಕಾಂಕ್ರೀಟಿನಲ್ಲಿ ಜಾರುತ್ತದೆ. ಅರ್ಧ ರೋಡು ಅರ್ಧ ಮಣ್ಣು ಅನ್ನುವ ಜಾತಿ ಸಾಕು.

ಇನ್ನು ಯಾವಾಗ ಮಾಡಿಸುವುದು? ಮಳೆಗಾಲದಲ್ಲಿ ಪೇಂಟ್ ಮಾಡಿಸಬೇಡ. ಗಾಳಿಯಲ್ಲಿ ನೀರಿನ ಪಸೆ ಇದ್ದರೆ ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ, ಪುನಃ ಉಜ್ಜಿ ಹೊಡೆಯಬೇಕು. ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಕೂತು ಲಿಸ್ಟ್ ಮಾಡು, ಚೌತಿ ಹೊತ್ತಿಗೆ ಸಾಮಾನು ಒಟ್ಟು ಮಾಡು. ಆಯುಧ ಪೂಜೆಯ ಹಿಂದಿನ ವಾರ ಯಾವ ಗ್ಯಾರೇಜಿನವನೂ ಕೈಗೆ ಸಿಗುವುದಿಲ್ಲ. ದೀಪಾವಳಿ ಕಳೆದ ಮೇಲೆ ಬಿಚ್ಚಿಸು. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ, ಯಾರಾದರೂ ಹಳೆ ರೇಟ್ ಲಿಸ್ಟ್ ತೋರಿಸಿದರೆ ಬಾಯಿ ಬಿಟ್ಟು ಕೇಳು. ಪೂರ್ತಿ ದುಡ್ಡು ಮೊದಲೇ ಕೊಡಬೇಡ. ಫ್ರೇಮ್ ಕೋಟಿಂಗ್ ಆಗಿ ಬಂದಾಗ ಒಂದಿಷ್ಟು, ಗಾಡಿ ಸ್ಟಾರ್ಟ್ ಆದಾಗ ಒಂದಿಷ್ಟು, ಓಡಿಸಿ ನೋಡಿದ ಮೇಲೆ ಉಳಿದದ್ದು. ಗಾಡಿ ಗ್ಯಾರೇಜಿನಲ್ಲಿರುವಷ್ಟು ದಿನ ಎಕ್ಸ್‌ಪ್ರೆಸ್ ಬಸ್ಸಿನ ಖರ್ಚೂ ಉಂಟು, ಅದನ್ನೂ ಬರೆದುಕೋ.

ಈ ವಾರ ಆರ್‌ಸಿಯ ಎರಡೂ ಬದಿಯ ಫೋಟೋ, ಚೈನ್ ಮತ್ತು ಹಿಂದಿನ ಟಯರ್ ನಡುವಿನ ಸಂದಿಯ ಒಂದು ಫೋಟೋ ಕಳಿಸು. ಟಯರ್ ಸೈಜ್ ನೋಡಿ ಹೇಳುತ್ತೇನೆ. ಸೈಲೆನ್ಸರ್ ಬಗ್ಗೆ ಜಗಳ ಮಾಡುವುದಿದ್ದರೆ ಫೋನ್ ಮಾಡು.

ನಿನ್ನ,
ಉಡುಪಿಯ ಗೆಳೆಯ