ಭಾನುವಾರದ ಸಿನಿಮಾ: ಸ್ವಲ್ಪ ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಧಾರವಾಡದ ಸಾಧನಕೇರಿಯಲ್ಲಿ, ನಮ್ಮ ಮನೆ ಮಹಡಿ ಮೇಲೆ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ನೋಡೋಣ. 2013ರ ಸಿನಿಮಾ, ನಡೆದ ಕಥೆ. ಸಾಲೊಮನ್ ನಾರ್ಥಪ್ ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕಪ್ಪು ಮನುಷ್ಯ, ಪಿಟೀಲು ನುಡಿಸುತ್ತಿದ್ದ. 1841ರಲ್ಲಿ ಕೆಲಸದ ಆಸೆ ತೋರಿಸಿ ಕರೆದೊಯ್ದು ಗುಲಾಮನಾಗಿ ಮಾರಿಬಿಟ್ಟರು. ಮನೆಗೆ ಮರಳಿದ್ದು 1853ರಲ್ಲಿ. ಅದೇ ವರ್ಷ ಅವನೇ ಹೇಳಿದ ಪುಸ್ತಕವೂ ಬಂತು. ಚಾಟಿ ಏಟಿನ ದೃಶ್ಯ ನೋಡೋದು ಕಷ್ಟ, ಮಕ್ಕಳನ್ನು ಕರೆತರಬೇಡಿ.

ಬರುವ ಮುಂಚೆ ಜೋತಿಬಾ ಫುಲೆಯವರ ‘ಗುಲಾಮಗಿರಿ’ ತಿರುವಿ ಹಾಕಿ. 1873ರ ಪುಸ್ತಕ. ಅಮೆರಿಕದಲ್ಲಿ ಗುಲಾಮಗಿರಿ ತೊಲಗಿಸಲು ದುಡಿದವರಿಗೆ ಅದನ್ನು ಅರ್ಪಿಸಿದ್ದಾರೆ. ಪುಣೆಯಲ್ಲಿ ಕೂತು, ಆ ಕಾಲದಲ್ಲಿ! ಆ ಅರ್ಪಣೆಯ ಪುಟ ಒಂದೇ ಓದಿದರೂ ಸಾಕು.

ಕಳೆದ ಸಲ ಯಾರೋ ‘ಇದೆಲ್ಲ ದೂರದ ಮಾತು’ ಅಂದಿರಿ. ಹಳಿಯಾಳ ಇಲ್ಲೇ ಇದೆ ಅಲ್ವಾ? ಅಲ್ಲಿನ ಸಿದ್ದಿಗಳ ಹಿರಿಯರಲ್ಲಿ ಬಹಳ ಮಂದಿಯನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅವರು ನಮ್ಮ ಪೇಟೆಗೆ ಬಂದಾಗ ನಾವು ಹೇಗೆ ನೋಡುತ್ತೇವೆ? ನನಗಂತೂ ಇದರ ಬಗ್ಗೆಯೇ ಜಾಸ್ತಿ ಮಾತಾಡಬೇಕು.

ಗಿರ್ಮಿಟ್, ಚಹಾ ನನ್ನ ಕಡೆಯಿಂದ. ಬರುವವರು ಶನಿವಾರದೊಳಗೆ ತಿಳಿಸಿ, ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.