ಹುಳು ಜ್ವರ ಎದ್ದ ದಿನ ನಾನು ಊರು ಬಿಟ್ಟೆ

ಹೋದ ಭಾನುವಾರ ತಂಗಿಯ ಮಗಳಿಗೆ ಹೆಸರಿಟ್ಟೆವು. ಊಟಕ್ಕೆ ಮುಂಚೆ ಯಾರೋ ಮೈಕ್ ತಂದು ಕೈಗೆ ಕೊಟ್ಟರು. ಚಂಡಮಾರುತದ ವಾರ ನಮ್ಮ ಕೈಹಿಡಿದವರಿಗೆ ನಾಲ್ಕು ಮಾತು ಹೇಳಬೇಕು ಅಂತ ಹಿಂದಿನ ರಾತ್ರಿಯೇ ಯೋಚಿಸಿಟ್ಟಿದ್ದೆ. ಗಂಟಲು ಕಟ್ಟಿತು. "ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು" ಅಂದು ಇಳಿದುಬಿಟ್ಟೆ. ಅವತ್ತು ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂದವರೇ ಜಾಸ್ತಿ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ಇದು ನಾನೇ ಅಂತ ನಿಮಗೆ ಗೊತ್ತಾಗುತ್ತದೆ.

ನಮ್ಮೂರು ನಂದಿ ಬೆಟ್ಟದ ಬುಡದಲ್ಲಿದೆ. ತಂಗಿಯನ್ನು ಕೊಟ್ಟಿರುವುದು ತಮಿಳುನಾಡಿನ ಕಡಲೂರಿಗೆ. ದಕ್ಷಿಣ ಪಿನಾಕಿನಿ ಹುಟ್ಟುವುದು ನಮ್ಮ ಬೆಟ್ಟದ ಕಡೆ. ಹೊಸಕೋಟೆ, ಕೃಷ್ಣಗಿರಿ, ಸಾತನೂರು ಅಣೆಕಟ್ಟು ದಾಟಿ ಅದು ಸಮುದ್ರ ಸೇರುವುದು ಕಡಲೂರಿನ ಹತ್ತಿರ. ಅಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಮದುವೆ ಮಾತುಕತೆಯಲ್ಲಿ ಅಪ್ಪ, "ನಮ್ಮ ಹೊಳೆ ಹೋಗೋ ಕಡೆಗೇ ಹೋಗ್ತಿದ್ದಾಳೆ, ಬಿಡಿ" ಅಂದಿದ್ದರು. ನಮ್ಮ ಕಡೆ ಆ ಹೊಳೆಯಲ್ಲಿ ನೀರು ಹರಿದದ್ದನ್ನು ನಾನು ನೋಡಿರುವುದೇ ಅಪರೂಪ. ಅಂಥ ಹೊಳೆ ಒಂದು ದಿನ ತಂಗಿಯ ಮನೆಯೊಳಗೆ ಸೊಂಟದ ತನಕ ನಿಲ್ಲುತ್ತದೆ ಅಂತ ಯಾರು ಎಣಿಸಿದ್ದರು?

2024ರ ನವೆಂಬರ್ 30, ಶನಿವಾರ. ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ದಾಟಿದ ದಿನ. ಸಂಜೆ ತಂಗಿ ಫೋನ್ ಮಾಡಿದಳು. ಆಗ ಅವಳಿಗೆ ಏಳು ತಿಂಗಳು. "ಗಾಳಿ ಜೋರಾಗಿದೆ ಅಣ್ಣ, ಕರೆಂಟ್ ತೆಗೆದಿದ್ದಾರೆ. ತಂತಿ ಹರಿದು ಬಿದ್ದರೆ ಅಪಾಯ ಅಂತ ಮೊದಲೇ ತೆಗೀತಾರಂತೆ. ಫೋನ್‌ನಲ್ಲಿ ಚಾರ್ಜ್ ಕಮ್ಮಿ ಇದೆ, ಇಡ್ತೀನಿ" ಅಂದಳು. ಆಮೇಲೆ ಫೋನ್ ಇಲ್ಲ.

ಆ ಚಂಡಮಾರುತ ದಡ ದಾಟಿದ ಮೇಲೂ ಮುಂದಕ್ಕೆ ಹೋಗಲಿಲ್ಲ. ಗಂಟೆಗಟ್ಟಲೆ ಅಲ್ಲೇ ನಿಂತಿತು. ಪುದುಚೇರಿಯಲ್ಲಿ ಒಂದೇ ದಿನ 40 ಸೆಂಟಿಮೀಟರಿಗಿಂತ ಹೆಚ್ಚು ಮಳೆ. ಆಮೇಲೆ ಮಳೆ ಒಳನಾಡಿಗೆ ಬಂತು. ತಿರುವಣ್ಣಾಮಲೈ, ಕೃಷ್ಣಗಿರಿ ಕಡೆ ಸುರಿದದ್ದೆಲ್ಲ ಹೊಳೆಗೆ ಇಳಿಯಿತು. ಸಾತನೂರು ಅಣೆಕಟ್ಟಿನಿಂದ ಒಂದೂವರೆ ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟರು ಅಂತ ಸೋಮವಾರ ಟಿ.ವಿ.ಯಲ್ಲಿ ಬಂತು. ಅಮ್ಮ ಟಿ.ವಿ. ಆರಿಸಿ ದೇವರ ಮುಂದೆ ಕೂತರು.

ನಮ್ಮ ಊರಲ್ಲೂ ಜಡಿ ಹಿಡಿದಿತ್ತು. ಕೊಯ್ದ ರಾಗಿ ಹೊಲದಲ್ಲೇ ನೆನೆಯುತ್ತಿತ್ತು. ಮಕ್ಕಳಿಗೆ ಶಾಲೆ ರಜೆ. ಅದಕ್ಕೆ ಸರಿಯಾಗಿ ನಮ್ಮ ರೇಷ್ಮೆ ಮನೆಯಲ್ಲಿ ನೂರು ಮೊಟ್ಟೆ ಹುಳು (ಒಂದು ಚಿಟ್ಟೆ ಇಡುವ ಮೊಟ್ಟೆಯೆಲ್ಲ ಸೇರಿ ನಮ್ಮ ಲೆಕ್ಕಕ್ಕೆ ಒಂದು ಮೊಟ್ಟೆ) ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿದ್ದವು. ಹುಳು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅವಕ್ಕೆ ತಿನ್ನುವುದೇ ಕೆಲಸ, ನಮಗೆ ಸೊಪ್ಪು ಹಾಕುವುದೇ ಕೆಲಸ. ಒದ್ದೆ ಸೊಪ್ಪು ಹಾಕಿದರೆ ರೋಗ ಬಂದು ತಟ್ಟೆಗೆ ತಟ್ಟೆಯೇ ಹೋಗುತ್ತದೆ. ಆ ವಾರ ಮನೆ ಬಿಟ್ಟು ಹೊರಡುವ ರೈತನನ್ನು ನಾನಂತೂ ನೋಡಿಲ್ಲ.

ಸೋಮವಾರ ರಾತ್ರಿ ಮೂಲೆ ಮನೆ ಅಕ್ಕ ಬಂದು, "ನೀನು ಹೋಗಪ್ಪ, ಹುಳು ನಾವು ನೋಡ್ಕೋತೀವಿ" ಅಂದರು. ನಾನು ಹೂಂ ಅನ್ನುವ ಮೊದಲೇ ಅವರು ಎದುರು ಮನೆಯವರನ್ನೂ ಕರೆದಾಗಿತ್ತು. ನಾನಿಲ್ಲದ ನಾಲ್ಕು ದಿನ ಮೂರು ಮನೆಯ ಹೆಂಗಸರು ಪಾಳಿ ಹಾಕಿಕೊಂಡು ಸೊಪ್ಪು ಒರೆಸಿದ್ದಾರೆ. ಹಳೇ ಸೀರೆ, ಪಂಚೆ, ಟವೆಲ್ ಎಲ್ಲ ತಂದು ಒಂದೊಂದೇ ಕಂತೆ ಒತ್ತಿ ಒರೆಸಿ, ಫ್ಯಾನ್ ಕೆಳಗೆ ಹರವಿ ಆರಿಸಿದ್ದಾರೆ. ಕರೆಂಟ್ ಹೋದಾಗ ಮೊರದಲ್ಲಿ ಬೀಸಿದ್ದಾರೆ. ತಟ್ಟೆ ಒಣಗಿರಲಿ ಅಂತ ಹೊತ್ತು ಹೊತ್ತಿಗೆ ಸುಣ್ಣದ ಪುಡಿ ಉದುರಿಸಿದ್ದಾರೆ. ಅವರ ಮನೆಯ ರಾಗಿ ಆಗ ಹೊಲದಲ್ಲಿ ಮೊಳಕೆ ಬರುತ್ತಿತ್ತು. ಇದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಅದೂ ಬೇರೆಯವರ ಬಾಯಲ್ಲಿ. ಗೂಡು ಬಿಡಿಸಿದಾಗ 58 ಕೆ.ಜಿ. ಬಂತು. ಒಳ್ಳೆ ಹವೆಯಲ್ಲಾದರೆ ಎಪ್ಪತ್ತರ ಮೇಲೆ ಬರುತ್ತಿತ್ತು. ಆದರೆ ಆ ಮಳೆಯಲ್ಲಿ ಹುಳು ಪೂರ್ತಿ ಕಳೆದುಕೊಂಡವರೂ ಇದ್ದಾರೆ. ಶಿಡ್ಲಘಟ್ಟದ ಮಾರುಕಟ್ಟೆಯಿಂದ ದುಡ್ಡು ತಂದು ಅಕ್ಕನ ಪಾಲು ಅಂತ ಕೊಡಲು ಹೋದೆ. ಸರಿಯಾಗಿ ಬೈಸಿಕೊಂಡು ಬಂದೆ.

ಇನ್ನು ನಮ್ಮ ಪಿಕಪ್ ಅಣ್ಣ. ಟೊಮೆಟೊ ಹೇರಿಕೊಂಡು ಹದಿನೈದು ವರ್ಷ ತಮಿಳುನಾಡು ಸುತ್ತಿದ ಮನುಷ್ಯ. ಕೃಷ್ಣಗಿರಿ ಮೇಲೆ ಹೋದರೆ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿದರು. ಮಂಗಳವಾರ ಬೆಳಗಿನ ಜಾವ ಹೊರಟು ಕೋಲಾರ, ಮುಳಬಾಗಿಲು, ಚಿತ್ತೂರು, ವೆಲ್ಲೂರು ಅಂತ ಸುತ್ತು ಹಾಕಿ ಕರೆದುಕೊಂಡು ಹೋದರು. ಗಾಡಿಯ ತುಂಬ ಊರವರು ಕೊಟ್ಟ ಸಾಮಾನು. ರಾಗಿ ಹಿಟ್ಟು, ಅವಲಕ್ಕಿ, ಬ್ರೆಡ್, ಕುಡಿಯುವ ನೀರಿನ ಕ್ಯಾನು, ಮೇಣದ ಬತ್ತಿ, ಎರಡು ಟಾರ್ಪಾಲು. ಯಾರೋ ಪುಣ್ಯಾತ್ಮರು ಒಂದು ಚೀಲ ಸೀಮೆಬದನೆಕಾಯಿ ಹಾಕಿದ್ದರು. ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ.

ತಂಗಿಯ ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಕರೆಂಟ್ ಇಲ್ಲದೆ ಫ್ರಿಜ್ ನಿಂತರೆ ಏನು ಗತಿ ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಚಿಕ್ಕಬಳ್ಳಾಪುರದ ಮೆಡಿಕಲ್ ಶಾಪಿನ ಅಣ್ಣ ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆದು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಎರಡು ಸೀಸೆ ಇಟ್ಟುಕೊಟ್ಟರು. "ಬಳಸುತ್ತಿರುವ ಸೀಸೆ ಸುಮಾರು ನಾಲ್ಕು ವಾರ ಹೊರಗಿದ್ದರೂ ಕೆಡಲ್ಲ, ಬಿಸಿಲು ಬಿಸಿ ತಾಗಬಾರದು ಅಷ್ಟೆ. ಹೊಸದನ್ನು ಮಾತ್ರ ತಣ್ಣಗಿಡಿ. ಐಸ್ ಕರಗಿದರೆ ಮಣ್ಣಿನ ಗಡಿಗೇನ ಒದ್ದೆ ಮರಳಲ್ಲಿಟ್ಟು ಅದರೊಳಗೆ ಇಡಿ" ಅಂದರು. ಕೊನೆಗೆ ಗಡಿಗೆಯೇ ಕೈಹಿಡಿಯಿತು.

ಪುದುಚೇರಿ ದಾಟಿದ ಮೇಲೆ ರಸ್ತೆ ಮೇಲೆ ನೀರು. ಆ ರಾತ್ರಿ ಒಂದು ಪೆಟ್ರೋಲ್ ಬಂಕಿನಲ್ಲಿ ಗಾಡಿಯೊಳಗೇ ಮಲಗಿದೆವು. ಸುತ್ತ ಎಲ್ಲೂ ಒಂದು ದೀಪ ಇರಲಿಲ್ಲ. ಕಪ್ಪೆಗಳ ಸದ್ದು, ಜನರೇಟರ್ ಸದ್ದು, ಅಷ್ಟೆ. ಬುಧವಾರ ಮಧ್ಯಾಹ್ನ ತಂಗಿಯ ಬೀದಿ ಮುಟ್ಟಿದಾಗ ಮನೆಗೆ ಬೀಗ ಇತ್ತು. ಗೋಡೆ ಮೇಲೆ ನೀರು ನಿಂತ ಗೆರೆ. ನನ್ನ ಕಾಲಲ್ಲಿ ಶಕ್ತಿ ಹೋಯಿತು. ಮೇಲಿಂದ, "ಅಣ್ಣಾ!" ಅಂತ ಕೂಗು. ನೋಡಿದರೆ ಎದುರು ಮನೆಯ ಮಹಡಿ ಮೇಲೆ ತಂಗಿ ಒದ್ದೆ ಬಟ್ಟೆ ಹರವುತ್ತಾ ನಿಂತಿದ್ದಾಳೆ.

ಆ ಎದುರು ಮನೆಯ ಪಾಟಿಗೆ ನಾನು ಏನು ಹೇಳಿದರೂ ಕಮ್ಮಿ. ಪಾಟಿ ಅಂದರೆ ಅಜ್ಜಿ. ಭಾನುವಾರ ರಾತ್ರಿಯೇ ಬಂದು, "ಹೊಳೆ ಬರುತ್ತೆ, ಮೇಲೆ ಬಾ" ಅಂತ ಬಸುರಿಯನ್ನೂ ಅವಳ ಅತ್ತೆಯನ್ನೂ ತಮ್ಮ ಮಹಡಿಗೆ ಕರೆದುಕೊಂಡು ಹೋಗಿದ್ದಾರೆ. ನೀರು ಬೀದಿಗೆ ಬಂದದ್ದು ಮಾರನೇ ದಿನ. ನನಗೆ ತೆಲುಗು ಬರುತ್ತದೆ, ತಮಿಳು ಅಷ್ಟಕ್ಕಷ್ಟೆ. ಪಾಟಿ ಮಾತುಮಾತಿಗೂ "ತಾನೆ, ತಾನೆ" ಅನ್ನುತ್ತಿದ್ದರು. ನಾನು ನಮ್ಮ ಕನ್ನಡದ "ತಾನೆ" ಅಂದುಕೊಂಡು ಸುಮ್ನೆ ತಲೆ ಆಡಿಸಿದೆ. ತಂಗಿ ನಕ್ಕು ಹೇಳಿದಳು, ಅದು ಚಂಡಮಾರುತದ ಹೆಸರಂತೆ. 2011ರ ಡಿಸೆಂಬರ್ 30ಕ್ಕೆ ಕಡಲೂರಿನ ಹತ್ತಿರವೇ ದಡ ದಾಟಿದ್ದು. ಪಣ್ರುಟ್ಟಿ ಕಡೆಯ ಹಲಸು, ಗೋಡಂಬಿ ತೋಪುಗಳೆಲ್ಲ ಆಗ ನೆಲ ಕಚ್ಚಿದವು. ಪಾಟಿಯ ಮನೆಯಲ್ಲಿ ಆವತ್ತಿನಿಂದ ಡ್ರಮ್ಮಿನಲ್ಲಿ ನೀರು, ಡಬ್ಬದಲ್ಲಿ ಅಕ್ಕಿ, ಒಂದು ಸೀಮೆಎಣ್ಣೆ ಬುಡ್ಡಿ ತಪ್ಪುವುದಿಲ್ಲ. ಕರೆಂಟ್ ಇಲ್ಲ ಅಂದರೆ ಮೋಟರ್ ಇಲ್ಲ, ಮೋಟರ್ ಇಲ್ಲ ಅಂದರೆ ನೀರಿಲ್ಲ. ಇಡೀ ಬೀದಿ ಆ ಡ್ರಮ್ಮಿನ ನೀರು ಕುಡಿದಿದೆ.

ಲೈನ್‌ಮನ್‌ಗಳ ವಿಷಯ. ಅವರು ಬೇರೆ ಜಿಲ್ಲೆಯಿಂದ ಬಂದಿದ್ದ ಹುಡುಗರು. ಮೊಳಕಾಲುದ್ದ ಕೆಸರಿನಲ್ಲಿ ಕಂಬವನ್ನು ಹೆಗಲ ಮೇಲೆ ಹೊತ್ತು ತಂದರು. ಒಬ್ಬನ ಅಂಗೈ ಸಿಪ್ಪೆ ಸುಲಿದು ಕೆಂಪಾಗಿತ್ತು. ಗುರುವಾರ ಸಂಜೆ ಬೀದಿಗೆ ಕರೆಂಟ್ ಬಂದಾಗ ಮಕ್ಕಳು ಕಿರುಚಿದರು, ಅವರು ಮಾತ್ರ ಏಣಿ ಎತ್ತಿಕೊಂಡು ಮುಂದಿನ ಬೀದಿಗೆ ಹೊರಟೇಬಿಟ್ಟಿದ್ದರು. ರಾತ್ರಿ ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟ್ ಕೊಡಲಿಲ್ಲ ಅಂತ ನಮ್ಮೂರ ಲೈನ್‌ಮನ್ನಿಗೆ ನಾನು ಎಷ್ಟು ಸಲ ಬಾಯಿಗೆ ಬಂದಂತೆ ಅಂದಿದ್ದೇನೋ. ಅಣ್ಣ, ಇದನ್ನು ಓದುತ್ತಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಬೇಸಿಗೆಯಲ್ಲಿ ಮತ್ತೆ ಅಂದರೂ ಅಂದೇನು, ಅದು ಬೇರೆ ಮಾತು.

ಶುಕ್ರವಾರ ತಂಗಿಯನ್ನೂ ಅತ್ತೆಯನ್ನೂ ಕರೆದುಕೊಂಡು ಬಂದೆವು. ಪಿಕಪ್ ಅಣ್ಣ ಹಿಂದಿನ ಡಬ್ಬಿಯಲ್ಲಿ ಕೂತು, ಇನ್ನೊಬ್ಬ ಡ್ರೈವರನ್ನು ಹತ್ತಿಸಿಕೊಂಡು, ಮುಂದಿನ ಸೀಟು ಪೂರ್ತಿ ಅವರಿಬ್ಬರಿಗೇ ಬಿಟ್ಟರು. ತಂಗಿಯ ಗಂಡ ಮನೆ ತೊಳೆಯಲು ಅಲ್ಲೇ ಉಳಿದರು. ಫೆಬ್ರವರಿಯಲ್ಲಿ ಹೆರಿಗೆ ಆಯಿತು. ತಾಯಿ ಮಗು ಚೆನ್ನಾಗಿದ್ದಾರೆ. ನಾಮಕರಣಕ್ಕೆ ಬಂದವರೆಲ್ಲ ಹೊಳೆಯ ಹೆಸರೇ ಇಡಿ ಅಂದರು. ಅವಳು ಒಪ್ಪಲಿಲ್ಲ. ಮನೆಯೊಳಗೆ ಬಂದ ಹೊಳೆಯ ಹೆಸರು ಕೂಗಿ ಕೂಗಿ ಕರೆಯಲು ನನ್ನಿಂದಾಗಲ್ಲ ಅಂದಳು. ಸರಿ ಅನ್ನಿಸಿತು.

ಬರುವಾಗ ಪಾಟಿ ಒಂದು ಸ್ಟೀಲ್ ಡಬ್ಬ ತುಂಬ ಪುಳಿಯೋಗರೆ ಕಟ್ಟಿಕೊಟ್ಟಿದ್ದರು. ಡಬ್ಬ ಇನ್ನೂ ನಮ್ಮನೆಯಲ್ಲೇ ಇದೆ. ಖಾಲಿ ಡಬ್ಬ ಹಿಂದೆ ಕೊಡಬಾರದು ಅಂತ ಅಮ್ಮ ಹುರಿಹಿಟ್ಟು ಮಾಡಿಟ್ಟಿದ್ದಾರೆ. ಯುಗಾದಿ ಕಳೆದ ಮೇಲೆ ತಂಗಿಯನ್ನು ಬಿಡಲು ಹೋಗುತ್ತೇವೆ. ಮೂಲೆ ಮನೆ ಅಕ್ಕ ಸಮುದ್ರ ನೋಡಿಲ್ಲವಂತೆ, ಅವರೂ ಬರುತ್ತಿದ್ದಾರೆ. ಗಾಡಿಯಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ. ಬರುವವರು ಹಬ್ಬದೊಳಗೆ ಹೇಳಿಬಿಡಿ.