ಲ್ಯಾಪ್‌ಟಾಪ್ ಬದಲಿಸುವ ಮೊದಲು ಆ ಒಂದು ಲೂಪ್ ನೋಡಿ

ಸಂಪಾದಕರಿಗೆ,

ಹೋದ ವಾರದ ನಿಮ್ಮ ಶಿಕ್ಷಣ ಪುರವಣಿಯಲ್ಲಿ ಎಂಜಿನಿಯರಿಂಗ್ ಓದುವವರಿಗೆ ಎಂಥ ಲ್ಯಾಪ್‌ಟಾಪ್ ಬೇಕು ಅಂತ ಅರ್ಧ ಪುಟ ಬರೆದಿದ್ದೀರಿ. 16 ಜಿಬಿ ರ‍್ಯಾಮ್ ಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕು, ಇಲ್ಲದಿದ್ದರೆ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ದೊಡ್ಡ ಲೆಕ್ಕ ಆಗೋದಿಲ್ಲ ಅಂತ. ಓದಿ ಸುಮ್ನೆ ಇರೋಣ ಅಂದುಕೊಂಡೆ, ಆಗಲಿಲ್ಲ. ಇದೇ ಮಾತು ಎರಡು ತಿಂಗಳ ಹಿಂದೆ ನಮ್ಮ ಮನೆಯಲ್ಲೂ ನಡೆದಿತ್ತು, ಎಪ್ಪತ್ತು ಸಾವಿರ ರೂಪಾಯಿ ಕೈಬಿಟ್ಟು ಹೋಗುವುದು ಸ್ವಲ್ಪದರಲ್ಲೇ ತಪ್ಪಿತು.

ನನ್ನ ತಂಗಿಯ ಮಗಳು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ಕಾಲೇಜಿನ ಹೆಸರು ಬೇಡ. ಒಂದು ದಿನ ಬೆಟಗೇರಿಗೆ ಬಂದವಳು ಚಹಾ ಕುಡಿಯುವ ಮೊದಲೇ, "ಮಾಮಾ, ಈ ಲ್ಯಾಪ್‌ಟಾಪ್‌ನ್ಯಾಗ ಆಗಂಗಿಲ್ಲಂತ, ಹೊಸಾದು ತಗೋ ಅಂತ ಸರ್ ಹೇಳ್ಯಾರ" ಅಂದಳು. ಅವಳ ಪ್ರಾಜೆಕ್ಟ್ ನಮ್ಮ ಗದಗ ಕಡೆಯ ಗಾಳಿಯಂತ್ರಗಳದ್ದು. ಕಪ್ಪತಗುಡ್ಡದ ದಾರಿಯಲ್ಲಿ ಹೋದವರೆಲ್ಲ ನೋಡಿರುತ್ತೀರಿ. ಇಂಥ 30 ಯಂತ್ರಗಳ ಹತ್ತಿರದ ಗಾಳಿಯ ವೇಗದ ಒಂದು ವರ್ಷದ ಲೆಕ್ಕ ಅವಳ ಹತ್ತಿರ ಇತ್ತು. ಹತ್ತು ನಿಮಿಷಕ್ಕೊಂದು ಅಂಕಿ, ದಿನಕ್ಕೆ 144, ವರ್ಷಕ್ಕೆ 52,560. ಮೂವತ್ತೂ ಸೇರಿದರೆ 15,76,800 ಸಾಲು. ಪ್ರತಿ ಯಂತ್ರದ ಪಕ್ಕ ಒಂದು ಬ್ಯಾಟರಿ ಇಟ್ಟರೆ ಎಷ್ಟು ದೊಡ್ಡದು ಇಡಬೇಕು ಅನ್ನೋದು ಪ್ರಶ್ನೆ. ನೂರು ಬೇರೆ ಬೇರೆ ಅಳತೆಯ ಬ್ಯಾಟರಿ ಹಾಕಿ ನೋಡಬೇಕು. ಒಂದು ಅಳತೆಗೆ ಎರಡೂವರೆ ನಿಮಿಷ ಹಿಡಿಯುತ್ತಿತ್ತು. ನೂರಕ್ಕೆ ನಾಲ್ಕು ಗಂಟೆಯ ಮೇಲಾಯ್ತಲ್ವಾ? ರಾತ್ರಿ ಓಡಲು ಬಿಟ್ಟು ಮಲಗುತ್ತಿದ್ದಳಂತೆ. ಹಳೆ ಲ್ಯಾಪ್‌ಟಾಪ್, ಬ್ಯಾಟರಿ ಸತ್ತಿದೆ (ಬ್ಯಾಟರಿ ಪ್ರಾಜೆಕ್ಟ್ ಮಾಡುವವಳದ್ದೇ!), ಹಾಸ್ಟೆಲ್‌ನಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ನಾನೇನು ದೊಡ್ಡ ಪಂಡಿತನಲ್ಲ. 90ರ ದಶಕದಲ್ಲಿ ಫೋರ್ಟ್ರಾನ್ ಅನ್ನುವ ಹಳೆ ಕಂಪ್ಯೂಟರ್ ಭಾಷೆ ಕಲಿತು, ಆಮೇಲೆ ಇಪ್ಪತ್ತೈದು ವರ್ಷ ಬೇರೆಯವರ ಅಂಕಿಸಂಖ್ಯೆ ತಿದ್ದುತ್ತಾ ಬಂದವನು. ಆದರೆ ಹದಿನೈದು ಲಕ್ಷ ಅಂಕಿ ಅಂದರೆ ಇವತ್ತಿನ ಯಾವ ಕಂಪ್ಯೂಟರಿಗೂ ಭಾರವಲ್ಲ ಅಂತ ಗೊತ್ತು. ಒಂದು ಅಂಕಿಗೆ 8 ಬೈಟ್ ಅಂದರೂ ಒಂದು ಕಾಲಂ 12.6 ಎಂಬಿ. ಫೋನಿನಲ್ಲಿ ತೆಗೆದ ನಾಲ್ಕಾರು ಫೋಟೋದಷ್ಟು. ಇದಕ್ಕೆ 16 ಜಿಬಿ ಯಾಕೆ ಬೇಕು?

ತಡ ಆಗುವುದು ಎಲ್ಲಿ ಅಂದರೆ, ಪೈಥಾನ್ ಒಂದೊಂದು ಅಂಕಿಯನ್ನೂ ಒಂದೊಂದು ಡಬ್ಬಿಯಲ್ಲಿ ಇಡುತ್ತದೆ. ದಶಮಾಂಶದ ಒಂದು ಅಂಕಿಯ ಡಬ್ಬಿಗೆ 24 ಬೈಟ್, ಅದು ಎಲ್ಲಿದೆ ಅಂತ ಲಿಸ್ಟ್‌ನಲ್ಲಿ ಬರೆದಿಡಲು ಇನ್ನೂ 8. ಕೂಡಿಸು ಅಂದಾಗಲೆಲ್ಲ ವಿಳಾಸ ಹಿಡಿದು ಹೋಗಿ, ಡಬ್ಬಿ ತೆರೆದು, ಇದು ಅಂಕಿಯೋ ಅಕ್ಷರವೋ ಅಂತ ಕೇಳಿ, ಕೂಡಿಸಿ, ಉತ್ತರವನ್ನು ಹೊಸ ಡಬ್ಬಿಗೆ ಹಾಕಬೇಕು. ಬ್ಯಾಡಗಿ ಮಾರ್ಕೆಟ್‌ನಲ್ಲಿ ಚೀಲ ಬಿಚ್ಚಿ ಒಂದೊಂದೇ ಮೆಣಸಿನಕಾಯಿ ತೆಗೆದು, ಇದು ಮೆಣಸಿನಕಾಯಿ ಹೌದೋ ಅಲ್ಲವೋ ನೋಡಿ, ತಕ್ಕಡಿಗಿಟ್ಟು, ಚೀಟಿ ಬರೆದಂತೆ. ತೂಗುವುದಕ್ಕಿಂತ ಚೀಟಿ ಬರೆಯುವುದಕ್ಕೇ ಹೊತ್ತು ಜಾಸ್ತಿ. ಪೈಥಾನ್ ಜೊತೆ ಬಳಸುವ ನಂಪೈ ಅನ್ನುವ ಲೆಕ್ಕದ ಲೈಬ್ರರಿ ಇದೆ. ಅದರ ಅರೇ (ಅಂಕಿಗಳ ಜೋಡಣೆ) ಅಂದರೆ ಚೀಲವನ್ನು ಹಾಗೇ ತಕ್ಕಡಿಗೆ ಎತ್ತಿಟ್ಟ ಹಾಗೆ. ಒಳಗಿರುವುದೆಲ್ಲ ಒಂದೇ ಜಾತಿಯ ಅಂಕಿ ಅಂತ ಮೊದಲೇ ಮಾತಾಗಿರುತ್ತದೆ, ಎಲ್ಲ ಸಾಲಾಗಿ ಕೂತಿರುತ್ತವೆ, ಕೂಡಿಸುವ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳು) ಮೊದಲೇ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಆಗಿರುತ್ತದೆ, ಅಂದರೆ ಕಂಪ್ಯೂಟರಿನ ಸ್ವಂತ ಭಾಷೆಯಾದ ಮೆಷಿನ್ ಕೋಡ್‌ಗೆ ಇಳಿದಿರುತ್ತದೆ. ಪೈಥಾನ್ ಒಂದೇ ಸಲ "ತೂಗು" ಅನ್ನುತ್ತದೆ, ಅಷ್ಟೇ.

ನಮ್ಮ ಹುಡುಗಿ ಮಾಡಿದ್ದೇನಪ್ಪಾ ಅಂದರೆ, ಪಾಂಡಾಸ್ ಅನ್ನುವ ಇನ್ನೊಂದು ಲೈಬ್ರರಿಯ ಟೇಬಲ್ ಇಟ್ಟುಕೊಂಡು ಲೂಪಿನೊಳಗೆ ಪ್ರತಿ ಸಲ ಐಲಾಕ್ ಅಂತ ಕರೆದು ಒಂದೊಂದು ಅಂಕಿ ಕೀಳುತ್ತಿದ್ದಳು. ಅದು ಡಬ್ಬಿಗಿಂತಲೂ ನಿಧಾನ, ಪ್ರತಿ ಕರೆಗೂ ಹತ್ತು ತರದ ತಪಾಸಣೆ. ಮೊದಲು ಕಾಲಂಗಳನ್ನು ಲೂಪಿನ ಹೊರಗೇ ಲಿಸ್ಟ್ ಮಾಡಿಸಿದೆ. ಎರಡೂವರೆ ನಿಮಿಷದ್ದು ಒಂದೂವರೆ ಸೆಕೆಂಡಿಗೆ ಇಳಿಯಿತು. ಇನ್ನೂ ಕಂಪೈಲ್ ಮಾತೇ ಎತ್ತಿರಲಿಲ್ಲ ನೋಡಿ. ಅವಳು ನಂಪೈ ಅರೇ ಮಾಡಿ ಅದರ ಮೇಲೆ ಸಾದಾ ಪೈಥಾನ್ ಲೂಪ್ ಓಡಿಸಿದರೆ ಇನ್ನೂ ಬೇಗ ಆಗುತ್ತೆ ಅಂದುಕೊಂಡಿದ್ದಳು. ಆಗಲ್ಲ. ಅರೇಯಿಂದ ಒಂದೊಂದೇ ಅಂಕಿ ಹೊರತೆಗೆದರೆ ಪ್ರತಿಯೊಂದಕ್ಕೂ ಹೊಸ ಡಬ್ಬಿ ಮಾಡಬೇಕು, ಲಿಸ್ಟ್‌ಗಿಂತ ನಿಧಾನವೇ.

ಹಾಗಾದರೆ ಲೂಪನ್ನೇ ತೆಗೆದು ಪೂರ್ತಿ ನಂಪೈನಲ್ಲಿ ಬರೆಯಬಹುದಲ್ವಾ ಅಂತ ಕೇಳುವವರಿದ್ದಾರೆ. ಗಾಳಿಯ ವೇಗದಿಂದ ವಿದ್ಯುತ್ ಲೆಕ್ಕಕ್ಕೆ ಅದು ಸರಿ. ವೇಗದ ಘನ ತೆಗೆಯುವುದು (ವೇಗ × ವೇಗ × ವೇಗ), ಒಂದು ಸಾಲಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಬ್ಯಾಟರಿ ಹಾಗಲ್ಲ. ಈಗ ಎಷ್ಟು ತುಂಬಿದೆ ಅನ್ನುವುದು ಹತ್ತು ನಿಮಿಷದ ಹಿಂದೆ ಎಷ್ಟಿತ್ತು ಅನ್ನುವುದರ ಮೇಲೆ ನಿಂತಿದೆ, ತುಂಬಿದ ಮೇಲೆ ಬಂದದ್ದು ಚೆಲ್ಲಿಹೋಗುತ್ತದೆ, ಖಾಲಿಯಾದ ಮೇಲೆ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಸುಮ್ನೆ ಕೂಡಿಸುತ್ತಾ ಹೋದರೆ ಉತ್ತರ ತಪ್ಪು. ನೂರು ಬ್ಯಾಟರಿಯನ್ನೂ ಒಟ್ಟಿಗೆ ಅಡ್ಡಡ್ಡ ಲೆಕ್ಕ ಹಾಕುವ ಜಾಣತನ ಒಂದಿದೆ. ಆದರೆ ಆರು ತಿಂಗಳು ಬಿಟ್ಟು ಆ ಕೋಡ್ ಓದಿದರೆ ಬರೆದವರಿಗೇ ತಿಳಿಯಲ್ಲ. ಇಂಥ ಕಡೆ ಲೂಪ್ ಲೂಪಾಗಿಯೇ ಇರಲಿ, ಅದನ್ನು ಮಾತ್ರ ಮೆಷಿನ್ ಕೋಡ್ ಮಾಡಿಸಬೇಕು.

ಪೈಥಾನ್ ಫಂಕ್ಷನ್ನನ್ನು ಕಂಪೈಲ್ ಮಾಡುವ ನಂಬಾ ಅನ್ನುವುದು ಅದಕ್ಕೇ ಇರುವುದು. ನಂಪೈ ಕಟ್ಟಿದ ಟ್ರಾವಿಸ್ ಆಲಿಫಾಂಟ್ ಅವರೇ 2012ರಲ್ಲಿ ಶುರು ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಲೂಪ್ ಇರುವ ಫಂಕ್ಷನ್ನಿನ ತಲೆಯ ಮೇಲೆ ಎನ್‌ಜಿಟ್ ಅಂತ ಒಂದು ಸಾಲು ಬರೆದರೆ, ಮೊದಲ ಸಲ ಕರೆದಾಗ ಕಂಪೈಲ್ ಆಗುತ್ತದೆ. ಅಲ್ಲಿ ಒಂದೆರಡು ಸೆಕೆಂಡ್ ತಿನ್ನುತ್ತದೆ, ಅದನ್ನು ನೋಡಿ "ಇದೇನು ನಿಧಾನ" ಅಂತ ಎಷ್ಟೋ ಹುಡುಗರು ಬಿಟ್ಟುಬಿಡುತ್ತಾರೆ. ಎರಡನೇ ಸಲದಿಂದ ನೋಡಬೇಕು. ಲಿಸ್ಟ್ ತೆಗೆದು ನಂಪೈ ಅರೇ ಕೊಟ್ಟೆವು. ಟೇಬಲನ್ನು ಹಾಗೇ ಕೊಟ್ಟರೆ ನಂಬಾ ಒಪ್ಪುವುದಿಲ್ಲ. ನೂರು ಅಳತೆಯ ಬ್ಯಾಟರಿಯೂ ಸೇರಿ ಮೂರು ಸೆಕೆಂಡ್. ಅದೇ ಲ್ಯಾಪ್‌ಟಾಪ್, 4 ಜಿಬಿಯದ್ದು. ಹುಡುಗಿ ಎಲ್ಲೋ ತಪ್ಪಾಗಿದೆ ಅಂತ ಮತ್ತೆ ಓಡಿಸಿದಳು.

ತಪ್ಪು ನಿಜವಾಗಿಯೂ ಆಗಿತ್ತು, ಬೇರೆ ಕಡೆ. ನಂಬಾ ಹಾಕುವಾಗ ಹೊಸದಾಗಿ ಸೇರಿಸಿದ ಸಾಲಿನಲ್ಲಿ, ಈಗಿನ ಅಂಕಿ ಮತ್ತು ಮುಂದಿನ ಅಂಕಿ ಎರಡರ ಸರಾಸರಿ ತೆಗೆಯುವಾಗ, ಅವಳು ವರ್ಷದ ಕೊನೆಯ ಅಂಕಿಗೂ "ಮುಂದಿನದು" ಕೇಳಿದ್ದಳು. ಸಾದಾ ಪೈಥಾನ್ ಆಗಿದ್ದರೆ ಅಲ್ಲೇ ಇಂಡೆಕ್ಸ್ ಎರರ್ ಅಂತ ಕೂಗಿ ನಿಲ್ಲುತ್ತಿತ್ತು. ನಂಬಾ ತಾನಾಗಿ ಗಡಿ ನೋಡುವುದಿಲ್ಲ, ವೇಗ ಬರುವುದರಲ್ಲಿ ಅದರ ಪಾಲೂ ಇದೆ. ಅರೇ ಒಳಗೆ ಒಂದು ಯಂತ್ರದ ಸಾಲು ಮುಗಿದ ಕೂಡಲೇ ಪಕ್ಕದ ಯಂತ್ರದ ಸಾಲು ಶುರು. ಹೀಗಾಗಿ ಮೊದಲ ಯಂತ್ರದ ಡಿಸೆಂಬರ್ 31ರ ರಾತ್ರಿಗೆ ಎರಡನೇ ಯಂತ್ರದ ಜನವರಿ 1 ಸೇರಿಕೊಂಡಿತು, ಎರಡನೆಯದಕ್ಕೆ ಮೂರನೆಯದು. ಇಪ್ಪತ್ತೊಂಬತ್ತು ಯಂತ್ರಗಳ ಉತ್ತರ ನೋಡಲು ಚೆನ್ನಾಗಿಯೇ ಇತ್ತು. ಮೂವತ್ತನೆಯದಕ್ಕೆ ಪಕ್ಕದ ಯಂತ್ರ ಇಲ್ಲವಲ್ಲ, ಮೆಮೊರಿಯಲ್ಲಿ ಮುಂದೆ ಏನು ಬಿದ್ದಿತ್ತೋ ಅದನ್ನೇ ಗಾಳಿ ಅಂತ ಓದಿ ಇಡೀ ಗದಗಿಗೆ ಸಾಲುವಷ್ಟು ವಿದ್ಯುತ್ ತೋರಿಸಿತು. ಅದು ಹಾಗೆ ಹುಚ್ಚಾಪಟ್ಟೆ ಬಂದಿದ್ದಕ್ಕೇ ನಮಗೆ ಗೊತ್ತಾಯಿತು. ಎನ್‌ಜಿಟ್ ಸಾಲಿನಲ್ಲೇ ಬೌಂಡ್ಸ್‌ಚೆಕ್ ಅನ್ನುವುದನ್ನು ಟ್ರೂ ಮಾಡಿದರೆ ಇದು ಕೂಡಲೇ ಸಿಕ್ಕಿಬೀಳುತ್ತದೆ. ಕೋಡ್ ತಿದ್ದುವವರೆಗೆ ಹಾಗೆ ಇಟ್ಟು, ಎಲ್ಲ ಸರಿಯಾದ ಮೇಲೆ ತೆಗೆದರಾಯಿತು.

ನನ್ನ ತಕರಾರು ಇಷ್ಟೇ. ನಾಲ್ಕು ವರ್ಷ ಪೈಥಾನ್ ಕಲಿಸಿದವರು ಇದನ್ನು ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ತೋರಿಸಲಿಲ್ಲ, ಲ್ಯಾಪ್‌ಟಾಪ್ ಕೊಳ್ಳಿ ಅಂತ ಚೀಟಿ ಮಾತ್ರ ಬರೆದರು. ಅವಳ ಅಪ್ಪನಿಗೆ ಬೆಟಗೇರಿಯಲ್ಲಿ ಸಣ್ಣ ಅಂಗಡಿ, ಎಪ್ಪತ್ತು ಸಾವಿರ ಅಂದರೆ ಸಾಲವೇ. ಆಳವಾದ ಎಐ ಮಾಡೆಲ್ ಕಲಿಸುವವರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕು, ಇಲ್ಲ ಅನ್ನಲ್ಲ. ಆದರೆ ಈ ಹುಡುಗಿಯ ಆ ಲೂಪನ್ನು ಹಾಗೇ ಹೊಸ ಲ್ಯಾಪ್‌ಟಾಪ್‌ಗೆ ಹಾಕಿದ್ದರೂ ಎರಡೂವರೆ ನಿಮಿಷ ಒಂದು ನಿಮಿಷಕ್ಕೆ ಇಳಿಯುತ್ತಿತ್ತೇನೋ, ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತಿತ್ತು. ಪೈಥಾನ್ ಬೇಡ, ಎಲ್ಲ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆ ಅಂತಲೂ ಒಬ್ಬರು ಹೇಳಿದ್ದರಂತೆ. ಇನ್ನೂರು ಸಾಲಿನ ಪ್ರೋಗ್ರಾಂನಲ್ಲಿ ಹೊತ್ತು ತಿನ್ನುತ್ತಿದ್ದದ್ದು ಹನ್ನೊಂದು ಸಾಲು.

ಫೋರ್ಟ್ರಾನ್ ಕಲಿತು ದಂಡ ಅಂತ ನಗುವವರಿಗೂ ಒಂದು ಮಾತು. 1957ರ ಆ ಭಾಷೆಯ ಕೋಡನ್ನು ಪೈಥಾನ್‌ಗೆ ಜೋಡಿಸುವ ಎಫ್2ಪೈ ಇವತ್ತಿಗೂ ನಂಪೈ ಜೊತೆಗೇ ಬರುತ್ತದೆ. ಒಂದೇ ಎಚ್ಚರ, ಫೋರ್ಟ್ರಾನ್ ಟೇಬಲಿನ ಅಂಕಿಗಳನ್ನು ಮೆಮೊರಿಯಲ್ಲಿ ಕಾಲಂ ಉದ್ದಕ್ಕೆ ಜೋಡಿಸುತ್ತದೆ, ನಂಪೈ ಸಾಮಾನ್ಯವಾಗಿ ಅಡ್ಡಸಾಲಿಗೆ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಇಲ್ಲದಿದ್ದರೆ ಫೋರ್ಟ್ರಾನ್ ಪುರಾಣ ಕತ್ತರಿಸಿ, ಮೆಣಸಿನಕಾಯಿಯನ್ನೂ ತೆಗೆಯಿರಿ. ಬೌಂಡ್ಸ್‌ಚೆಕ್ ವಿಷಯ ಮಾತ್ರ ಉಳಿಸಿಕೊಳ್ಳಿ, ಈ ತಿಂಗಳು ಪ್ರಾಜೆಕ್ಟ್ ಒಪ್ಪಿಸುವ ಹುಡುಗರು ಬಹಳ ಇದ್ದಾರೆ.

— ನಿಮ್ಮ ಹಳೆಯ ಓದುಗ, ಬೆಟಗೇರಿ, ಗದಗ